ತೊಗರಿ ಹೊಲದ ಹಸಿರು, ಕ್ಯಾಲೆಂಡರಿನ ನೀರು

ಕಲಬುರಗಿಯ ಕಾಲೇಜೊಂದರಲ್ಲಿ ನಾನು ಭೂಗೋಳ ಕಲಿಸುತ್ತೇನೆ. ನೀತಿ ಆಯೋಗ 2021ರಲ್ಲಿ ಹೊರತಂದ ನಗರಗಳ ಸುಸ್ಥಿರ ಅಭಿವೃದ್ಧಿ ಸೂಚ್ಯಂಕವನ್ನು ಒಂದು ದಿನ ತರಗತಿಯಲ್ಲಿ ತೆರೆದಿದ್ದೆ. "ಮೇಡಂ, ಇದರಾಗ ನಮ್ಮೂರು ಎಲ್ಲಿ ಅದ?" ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಎಲ್ಲೂ ಇರಲಿಲ್ಲ. ಅದರಲ್ಲಿರುವುದು 56 ನಗರ, ಹತ್ತು ಲಕ್ಷ ಜನಸಂಖ್ಯೆ ದಾಟಿದವು ಮತ್ತು ರಾಜಧಾನಿಗಳು. 2011ರ ಜನಗಣತಿಯಲ್ಲಿ ಕಲಬುರಗಿಯದು ಐದು ಲಕ್ಷ ಚಿಲ್ಲರೆ. ಸರಿ, ನಾವೇ ಅಳೆಯೋಣ ಎಂದು ಮೂರು ವಾರ್ಡು ಆರಿಸಿಕೊಂಡೆವು. ಊರು ತನ್ನ ನೀರು, ಗಾಳಿ, ನೆರಳನ್ನು ತಿಂದು ಬೆಳೆಯುತ್ತಿದೆಯೋ, ಉಳಿಸಿಕೊಂಡು ಬೆಳೆಯುತ್ತಿದೆಯೋ ಎಂಬುದಷ್ಟೇ ನಮಗೆ ಬೇಕಿತ್ತು.

ಸೂಚ್ಯಂಕದ 77 ಸೂಚಕಗಳಲ್ಲಿ ನಮ್ಮ ಕೈಗೆ ನಿಲುಕುವುದು ಕೆಲವೇ. ಗಾಳಿಯನ್ನು ನಾವು ಅಳೆಯಲಿಲ್ಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡದ ಜೊತೆ ನಮ್ಮೂರೂ ಇದೆ. ಅಗ್ಗದ ಯಂತ್ರ ನಂಬಿ ಕೂರುವುದಕ್ಕಿಂತ ಸರ್ಕಾರಿ ಅಳತೆಯನ್ನೇ ತೆಗೆದುಕೊಂಡು, ಪಿಎಂ10 ಎಂಬ ಸಣ್ಣ ದೂಳಿನ ವಾರ್ಷಿಕ ಮಿತಿಯಾದ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಜೊತೆ ಹೋಲಿಸುವುದು ಲೇಸು ಅನಿಸಿತು.

ನೀರಿನ ಲೆಕ್ಕದಲ್ಲಿ ಮೊದಲ ದಿನವೇ ಎಡವಿದೆವು. ನಮ್ಮ ಹಾಳೆಯಲ್ಲಿದ್ದ ಪ್ರಶ್ನೆ: 'ಮನೆಗೆ ನಳದ ಸಂಪರ್ಕ ಇದೆಯೇ?' ಎಲ್ಲರೂ ಹೌದು ಎಂದರು, ನಾವೂ ಟಿಕ್ ಹಾಕುತ್ತಾ ಹೋದೆವು. ನಾಲ್ಕನೇ ಮನೆಯ ಹಿರಿಯಾಕೆ ತಡೆದು ಹೇಳಿದರು: "ಯವ್ವಾ, ನಳ ಅದನೇನು ಅಂತ ಕೇಳಿದ್ರ ಅದ ಅಂತೀನಿ. ನೀರು ಯಾವಾಗ ಬರ್ತದ ಅಂತ ಕೇಳು."

ನೀರು ಬರುವ ದಿನ ಅವರ ಮನೆಗೇ ಹೋದೆವು. ನಳದ ಕೆಳಗೆ 15 ಲೀಟರಿನ ಕೊಡ ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದರೆ ತುಂಬಲು 75 ಸೆಕೆಂಡು. ಅಂದರೆ ನಿಮಿಷಕ್ಕೆ 12 ಲೀಟರ್, ನೀರು ಬರುವ ಎರಡು ಗಂಟೆಗೆ 1,440. ಮನೆಯಲ್ಲಿ ಆರು ಜನ, ನೀರು ನಾಲ್ಕು ದಿನಕ್ಕೊಮ್ಮೆ. ತಲೆಗೆ ದಿನಕ್ಕೆ 60 ಲೀಟರ್. ಕೇಂದ್ರ ಸರ್ಕಾರ 2008ರಲ್ಲಿ ನಗರಗಳಿಗೆ ಗೊತ್ತುಮಾಡಿದ ಮಟ್ಟ 135 ಲೀಟರ್, ಅದೂ 24 ಗಂಟೆ.

ಆದರೆ ಆ 60 ಕೂಡ ನಿಜವಲ್ಲ. ಅವರ ಮನೆಯಲ್ಲಿ ಇದ್ದದ್ದು 200 ಲೀಟರಿನ ಎರಡು ಬ್ಯಾರಲ್, ಹತ್ತು ಕೊಡ. ಬಟ್ಟೆ ಒಗೆದು, ಪಾತ್ರೆ ತಿಕ್ಕಿ, ಎಲ್ಲ ತುಂಬಿಸಿಟ್ಟರೂ ನಿಲ್ಲುವುದು 550 ಲೀಟರ್. ಮುಂದಿನ ಮೂರು ದಿನ ಆರು ಜನ ಅದರಲ್ಲೇ ಸಾಗಬೇಕು. ತಲೆಗೆ ದಿನಕ್ಕೆ 30 ಲೀಟರ್ ಮೇಲೆ ಚೂರು. ಪಕ್ಕದ ಮನೆಗೆ ಸಂಪು, ಮೇಲೆ ಸಿಂಟೆಕ್ಸ್. ಅವರಿಗೆ ಹನಿಯೂ ಪೋಲಾಗದು. ಒಂದೇ ಗಲ್ಲಿ, ಒಂದೇ ಪೈಪು. ವಿಶ್ವಬ್ಯಾಂಕ್ ನೆರವಿನಲ್ಲಿ 2008ರ ಹೊತ್ತಿಗೇ ಇದೇ ಊರಿನ ಕೆಲವು ಬಡಾವಣೆಗಳಿಗೆ ದಿನವಿಡೀ ನೀರು ಬಂತು ಎಂಬುದನ್ನು ನೆನೆದಾಗ ನನಗೆ ಸಂಕಟವಾಯಿತು. ಇವೆಲ್ಲವನ್ನೂ ಕೂಡಿಸಿ ಭಾಗಿಸಿದ ಒಂದು ಸರಾಸರಿಯನ್ನಷ್ಟೇ ಊರಿನ ಹೆಸರಿನ ಮುಂದೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ಅತಿ ಕಡಿಮೆ ನೀರು ಸಿಗುವ ಮನೆಯ ಅಂಕಿಯನ್ನು ಅದರ ಪಕ್ಕದಲ್ಲೇ ಬರೆದೆವು.

ಹಸಿರಿನ ಲೆಕ್ಕ ಇನ್ನೊಂದು ಪಾಠ ಕಲಿಸಿತು. ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನವೆಂಬರ್ ಚಿತ್ರವನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಹಾಕಿ ನೋಡಿದಾಗ ಊರಂಚಿನ ವಾರ್ಡು ಎಲ್ಲಕ್ಕಿಂತ ಹಸಿರು! ಹುಡುಗರು ಹಿಗ್ಗಿದರು. ಸ್ಥಳಕ್ಕೆ ಹೋದರೆ ಮೈತುಂಬಾ ಹೂಬಿಟ್ಟ ತೊಗರಿ. ಕಟಾವಾದ ಮೇಲೆ, ಏಪ್ರಿಲ್ ಚಿತ್ರದಲ್ಲಿ ಅದೇ ವಾರ್ಡು ಕರಿಮಣ್ಣಿನ ಬಯಲು. ಅಲ್ಲಿಗೂ ಹಸಿರಾಗಿ ಉಳಿದ ಚುಕ್ಕಿಗಳಲ್ಲಿ ಅರ್ಧಕ್ಕರ್ಧ ಖಾಲಿ ಸೈಟುಗಳ ಜಾಲಿ. ಅದರ ಮುಳ್ಳಿನಡಿ ಯಾರೂ ನಿಲ್ಲುವುದಿಲ್ಲ. ಹಾಗಾಗಿ ಏಪ್ರಿಲ್ ಚಿತ್ರವನ್ನೇ ಹಿಡಿದು ಬೀದಿ ಬೀದಿ ನಡೆದೆವು. ಬಂಡಿಯವರು ನಿಲ್ಲಿಸಿ ಉಸಿರು ಬಿಡುವ ಬೇವು, ಆಲ, ಹುಣಸೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡೆವು. ನಮ್ಮ ಬಿಸಿಲಿನ ಊರಿಗೆ ಹಸಿರು ಎಂದರೆ ನೆರಳು. ನವೆಂಬರಿನ ಚಿತ್ರ ತೋರಿಸಿ ಬೀಗುವವರನ್ನು ನಾನು ಒಪ್ಪಲಾರೆ.

ಕಸದ ವಿಷಯಕ್ಕೆ ಒಂದೇ ಪ್ರಶ್ನೆ ಸೇರಿಸಿದೆವು: ಮನೆಯಲ್ಲಿ ಬೇರೆ ಮಾಡಿ ಕೊಟ್ಟ ಹಸಿ ಕಸ, ಒಣ ಕಸ ಗಾಡಿಯಲ್ಲೂ ಬೇರೆಯಾಗಿಯೇ ಇರುತ್ತದೆಯೇ? ಇದನ್ನು ಮನೆಯವರನ್ನು ಕೇಳಿ ಬರೆಯಲಿಲ್ಲ, ಗಾಡಿ ಬಂದಾಗ ಹಿಂದೆ ನಿಂತು ನೋಡಿ ಬರೆದೆವು.

ನೀರಿನ ದಿನಗಳ ಲೆಕ್ಕ ಇಡುವ ಉಪಾಯ ಕೊಟ್ಟದ್ದೂ ಆ ಹಿರಿಯಾಕೆಯೇ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲಿ ನೀರು ಬಂದ ದಿನಕ್ಕೆ 'ನೀ' ಎಂದು ಅವರು ಗುರುತು ಹಾಕತೊಡಗಿದರು. ನೋಡನೋಡುತ್ತ ಆ ಗಲ್ಲಿಯ ಹಲವು ಮನೆಗಳಲ್ಲಿ ಅದೇ ರೂಢಿಯಾಯಿತು. ಈಗ ತಿಂಗಳ ಕೊನೆಗೆ ನಮ್ಮ ವಿದ್ಯಾರ್ಥಿಗಳು ಹೋಗಿ ಆ ಪುಟಗಳ ಫೋಟೊ ತೆಗೆದು ತರುತ್ತಾರೆ. ಫೆಬ್ರವರಿಯ ಪುಟದಲ್ಲಿ ಒಂದು 'ನೀ'ಯಿಂದ ಇನ್ನೊಂದಕ್ಕೆ ಮೂರು ಖಾಲಿ ಚೌಕ. ಮೇ ಪುಟದಲ್ಲಿ ಆರು.