ಹಿಡಿಕೆ ಕಿತ್ತುಬರದ ಬಟ್ಟೆಚೀಲ

ಮುಂಬಯಿಯ ಮಾಟುಂಗ ಪೂರ್ವದ ಮಾರ್ಕೆಟ್ಟಿನಲ್ಲಿ ಮಂಗಳೂರು ಸೌತೆ, ಕೆಸುವಿನೆಲೆ, ತೆಂಗಿನಕಾಯಿ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. 2018ರಲ್ಲಿ ಮಹಾರಾಷ್ಟ್ರ ಸರಕಾರ ಪ್ಲಾಸ್ಟಿಕ್ ಚೀಲ ನಿಷೇಧಿಸಿದ ಮೇಲೆ ತೂಕ ಮಾಡುವ ಮುಂಚೆಯೇ ‘ಪಿಶವಿ ಆಹೇ ಕಾ?’ (ಚೀಲ ಇದೆಯಾ?) ಎಂಬ ಪ್ರಶ್ನೆ. ಆಗಲೇ ನಾನೂ ಒಂದು ಚೀಲ ಹೊಲಿದೆ. ಮೂರನೇ ಸಲ ಒಯ್ದಾಗ ರೈಲ್ವೆ ಹಳಿ ದಾಟಿಸುವ ಝೆಡ್ ಬ್ರಿಡ್ಜಿನ ಮೆಟ್ಟಿಲಲ್ಲಿ ಹಿಡಿಕೆ ಕಿತ್ತುಬಂತು, ಸೌತೆಕಾಯಿ ನನಗಿಂತ ಮೊದಲು ಕೆಳಗಿಳಿಯಿತು. ಬಟ್ಟೆ ಎಲ್ಲೂ ಹರಿದಿರಲಿಲ್ಲ. ಹಿಡಿಕೆಗೆ ಒಂದೇ ಗೆರೆ ಹೊಲಿಗೆ ಹಾಕಿದ್ದೆ, ಅದೇ ತಪ್ಪು. ಮೊದಲ ಸಲ ಹೊಲಿಯುವವರ ಗೆರೆ ಸೊಟ್ಟಗಾದರೂ ಚೀಲ ಬಾಳುತ್ತದೆ. ಹಿಡಿಕೆಯ ಬುಡದಲ್ಲಿ ಮಾತ್ರ ಉದಾಸೀನ ಬೇಡ.

36 ಇಂಚು ಪನ್ನದ (ಅಗಲದ) ದಪ್ಪ ಹತ್ತಿಬಟ್ಟೆ ಒಂದೂಕಾಲು ಮೀಟರ್ ಸಾಕು. ಮಂಗಲದಾಸ್ ಮಾರ್ಕೆಟ್ಟಿನಲ್ಲೋ ದಾದರಿನ ಹಿಂದ್‌ಮಾತಾದಲ್ಲೋ ‘ಮಾಂಜರಪಾಟ್’ ಎಂದು ಕೇಳಿ, ಒರಟು ಕೋರಾ ಬಟ್ಟೆ ತೆಗೆದುಕೊಡುತ್ತಾರೆ. ಹಳೆಯ ಬೆಡ್‌ಶೀಟೂ ಆಗುತ್ತದೆ, ಆದರೆ ಮಲಗಿ ಸವೆದ ನಡುಭಾಗ ಬಿಟ್ಟು ಅಂಚಿನ ಕಡೆಯದನ್ನು ಬಳಸಿ. ಜೀನ್ಸ್ ಪ್ಯಾಂಟಿನ ಆಸೆ ಈಗ ಬೇಡ. ಮನೆಯ ಮಷೀನು ಅದರ ನಾಲ್ಕು ಮಡಿಕೆಯಲ್ಲೇ ಮುನಿಸಿಕೊಳ್ಳುತ್ತದೆ.

ಹೊಸ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಹಾಕಿ. ಕುಗ್ಗುವುದೆಲ್ಲ ಕತ್ತರಿಸುವ ಮೊದಲೇ ಕುಗ್ಗಲಿ. ಆಮೇಲೆ ಚೀಲಕ್ಕೆ 20 ಇಂಚು ಅಗಲ, 40 ಇಂಚು ಉದ್ದದ ಒಂದು ತುಂಡು. ಹಿಡಿಕೆಗೆ 4 ಇಂಚು ಅಗಲ, 24 ಇಂಚು ಉದ್ದದ ಎರಡು ಪಟ್ಟಿ. ಪಟ್ಟಿಯ ಉದ್ದ ಬಟ್ಟೆಯ ಎಳೆ ಬಿಡದ ಪಕ್ಕದಂಚಿಗೆ ಸಮಾನಾಂತರವಾಗಿರಬೇಕು. ಉದ್ದಕ್ಕೆ ಓಡುವ ಹಾಸಿನ ಎಳೆಗಳನ್ನು ಮಗ್ಗದಲ್ಲಿ ಬಿಗಿದು ನೇಯ್ದಿರುವುದರಿಂದ ಅವು ಅಷ್ಟಾಗಿ ಜಗ್ಗುವುದಿಲ್ಲ. ಓರೆಯಾಗಿ ಕತ್ತರಿಸಿದ ಹಿಡಿಕೆ ನಾಲ್ಕು ತೆಂಗಿನಕಾಯಿಯ ಭಾರಕ್ಕೆ ಮೊಣಕಾಲಿನವರೆಗೆ ಇಳಿಯುತ್ತದೆ.

ಮಷೀನಿಗೆ 16ನೇ ನಂಬರಿನ ಸೂಜಿ ಹಾಕಿ, ಇಂಚಿಗೆ ಹತ್ತರಂತೆ ಹೊಲಿಗೆ ಬೀಳುವ ಹಾಗೆ ಹೊಂದಿಸಿ. ಮಷೀನಿಲ್ಲದವರು ಜೋಡಿ ದಾರದಲ್ಲಿ ಬಖಿಯಾ (ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಚುಚ್ಚಿ ಮುಂದೆ ತೆಗೆಯುವ ಕೈಹೊಲಿಗೆ) ಹಾಕಲಿ, ಒಂದು ಭಾನುವಾರ ಹಿಡಿದೀತು.

ದೊಡ್ಡ ತುಂಡನ್ನು ಸರಿಮಧ್ಯಕ್ಕೆ ಮಡಚಿ, ಒಳಮೈ ಒಳಮೈ ತಾಗಲಿ. ಎರಡೂ ಪಕ್ಕ ಕಾಲಿಂಚು ಬಿಟ್ಟು ಹೊಲಿಯಿರಿ. ‘ಅಯ್ಯೋ, ಉಲ್ಟಾ ಆಯಿತಲ್ಲ’ ಅನಿಸುತ್ತದೆ, ಅನಿಸಲಿ. ಈಗ ಚೀಲವನ್ನು ಒಳಗು ಹೊರಗು ಮಾಡಿ, ಅದೇ ಪಕ್ಕಗಳಲ್ಲಿ ಇನ್ನೊಮ್ಮೆ, ಅಂಚಿನಿಂದ ಅರ್ಧ ಇಂಚಿಗೆ ತುಸು ಕಡಿಮೆ ಬಿಟ್ಟು ಹೊಲಿಯಿರಿ. ಮೊದಲ ಹೊಲಿಗೆಯ ಎಳೆಗಳೆಲ್ಲ ಎರಡನೆಯದರೊಳಗೆ ಹೂತುಹೋಗುತ್ತವೆ. ಇದಕ್ಕೆ ಫ್ರೆಂಚ್ ಸೀಮ್ ಎನ್ನುತ್ತಾರೆ. ಜಿಗ್‌ಜ್ಯಾಗ್ (ಅಂಚಿನ ಎಳೆ ಬಿಡದಂತೆ ತಡೆಯುವ ಅಂಕುಡೊಂಕು ಹೊಲಿಗೆ) ಇಲ್ಲದ ಹಳೆಯ ಕೈಮಷೀನಿಗೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಚೀಲ ಇನ್ನೂ ಉಲ್ಟಾ ಇರುವಾಗಲೇ ಕೆಳಗಿನ ಮೂಲೆಯನ್ನು ಬಿಡಿಸಿ, ಪಕ್ಕದ ಹೊಲಿಗೆ ತಳದ ಮಡಿಕೆಯ ಮೇಲೆ ಕೂರುವಂತೆ ಚಪ್ಪಟೆ ಮಾಡಿ. ಮೂಲೆ ತ್ರಿಕೋನವಾಗುತ್ತದೆ. ತುದಿಯಿಂದ 2 ಇಂಚು ಒಳಗೆ ಅಡ್ಡಗೆರೆ ಎಳೆದರೆ ಅದು 4 ಇಂಚು ಉದ್ದ ಬರಬೇಕು. ಅದರ ಮೇಲೆ ಎರಡು ಸಲ ಹೊಲಿಯಿರಿ. ಇನ್ನೊಂದು ಮೂಲೆಗೂ ಹೀಗೆಯೇ. ತ್ರಿಕೋನವನ್ನು ಕತ್ತರಿಸಬೇಡಿ, ತಳಕ್ಕೆ ಮಡಚಿ ಹೊಲಿದರೆ ಇನ್ನೊಂದು ಪದರ ಸಿಕ್ಕಿತು. ಚೀಲ ನೆಲದ ಮೇಲೆ ತಾನೇ ನಿಲ್ಲುತ್ತದೆ. ಲೋಕಲ್ ರೈಲಿನಲ್ಲಿ ಕಾಲ ಸಂದಿಯಲ್ಲಿ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

ಹಿಡಿಕೆ ಪಟ್ಟಿಯ ಎರಡೂ ಉದ್ದಂಚುಗಳನ್ನು ನಡುವಿಗೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿದರೆ ನಾಲ್ಕು ಪದರದ, ಒಂದಿಂಚು ಅಗಲದ ಪಟ್ಟಿ. ಎರಡೂ ಅಂಚಿಗೆ ಹೊಲಿಗೆ ಬರಲಿ.

ಚೀಲವನ್ನು ಮತ್ತೆ ಸರಿಮೈಗೆ ತಿರುಗಿಸಿ, ಬಾಯನ್ನು ಒಳಕ್ಕೆ ಮೊದಲು ಅರ್ಧ ಇಂಚು, ಮತ್ತೆ ಒಂದಿಂಚು ಮಡಚಿ ಗುಂಡುಸೂಜಿ ಚುಚ್ಚಿ. ಎರಡೂ ಪಕ್ಕದ ಹೊಲಿಗೆಯಿಂದ 5 ಇಂಚು ಬಿಟ್ಟು ಒಂದು ಹಿಡಿಕೆಯ ಎರಡೂ ತುದಿಗಳನ್ನು ಆ ಮಡಿಕೆಯೊಳಕ್ಕೆ ಒಂದಿಂಚು ತೂರಿಸಿ. ಎದುರು ಬದಿಯ ಹಿಡಿಕೆಯೂ ಅಷ್ಟೇ ದೂರದಲ್ಲಿದೆಯೇ, ಹಿಡಿಕೆ ತಿರುಚಿಲ್ಲವೇ, ನೋಡಿಕೊಳ್ಳಿ. ಮಡಿಕೆಯ ಕೆಳಂಚಿನಲ್ಲಿ ಸುತ್ತಲೂ ಹೊಲಿದು, ಹಿಡಿಕೆಯನ್ನು ಮೇಲಕ್ಕೆ ಎತ್ತಿ, ಬುಡದಲ್ಲಿ ಒಂದಿಂಚಿನ ಚೌಕ ಹೊಲಿಯಿರಿ. ಅದರೊಳಗೆ ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತು. ಭಾರ ಒಂದೇ ಗೆರೆಯ ಮೇಲೆ ಬೀಳದೆ ಇಡೀ ಚೌಕಕ್ಕೆ ಹಂಚಿಹೋಗುತ್ತದೆ. ಇಲ್ಲಿ ಬಟ್ಟೆ ಬಹಳ ದಪ್ಪ, ಪೆಡಲ್ ಒತ್ತಬೇಡಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ. ನಾನು ಅವಸರದಲ್ಲಿ ಮುರಿದ ಎರಡು ಸೂಜಿಗಳೂ ಇದೇ ಜಾಗದಲ್ಲಿ ಮುರಿದದ್ದು.

ಮಾರ್ಕೆಟ್ಟಿಗೆ ಒಯ್ಯುವ ಮೊದಲು ಐದು ಕಿಲೋ ಅಕ್ಕಿ ಹಾಕಿ ಬಾಗಿಲ ಚಿಲಕಕ್ಕೆ ಒಂದು ಗಂಟೆ ನೇತುಹಾಕಿ. ಬುಡದಲ್ಲಿ ದಾರ ಬಾಯಿ ಬಿಟ್ಟಿದ್ದರೆ ಅಲ್ಲೇ ಇನ್ನೊಂದು ಸುತ್ತು. ಮಿಕ್ಕ ಪಟ್ಟಿಯಲ್ಲಿ ರೈಲ್ವೆ ಪಾಸಿನ ಅಳತೆಯ ಕಿಸೆ ಒಂದು ಹೊರಡುತ್ತದೆ, ಆದರೆ ಅದನ್ನು ಪಕ್ಕ ಹೊಲಿಯುವ ಮುಂಚೆಯೇ ಕೂರಿಸಬೇಕಿತ್ತು. ಮುಂದಿನ ಚೀಲಕ್ಕೆ ಎತ್ತಿಟ್ಟುಕೊಳ್ಳಿ.