ಜ್ಯೂರಿಗೆ ಓದಿಹೇಳುವ ಸೂಚನೆಗಳು: ಪ್ರತೀಕಾರದ ಮೊಕದ್ದಮೆಗಳಲ್ಲಿ ನನ್ನ ಅನುಭವ

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ನಾನು ನೌಕರರ ಪರವಾಗಿ ವಾದಿಸುತ್ತೇನೆ. ತಾರತಮ್ಯದ ಬಗ್ಗೆಯೋ ಹಣಕಾಸಿನ ಅಕ್ರಮದ ಬಗ್ಗೆಯೋ ದೂರು ಕೊಟ್ಟು, ಆ ಸಿಟ್ಟಿಗೆ ಕೆಲಸ ಕಳೆದುಕೊಂಡೆವೆಂದು ಬರುವವರೇ ನನ್ನ ಕಕ್ಷಿದಾರರಲ್ಲಿ ಹೆಚ್ಚು. ಭಾರತದ ಕಾರ್ಮಿಕ ನ್ಯಾಯಾಲಯದ ಐತೀರ್ಪಿನಲ್ಲಿ ಕಾರಣಗಳು ಪುಟಗಟ್ಟಲೆ ಇರುತ್ತವೆ. ಇಲ್ಲಿನ ಜ್ಯೂರಿ, ಅಂದರೆ ತೀರ್ಪು ಕೊಡಲು ಆಯ್ದ ಸಾಮಾನ್ಯ ನಾಗರಿಕರ ಗುಂಪು, ತನ್ನ ಮುಂದಿಟ್ಟ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಉತ್ತರಿಸಿ, ಪರಿಹಾರದ ಮೊತ್ತ ಬರೆದು ಎದ್ದುಹೋಗುತ್ತದೆ. ಯಾರ ಸಾಕ್ಷ್ಯವನ್ನು ಏಕೆ ನಂಬಿತು ಎಂಬುದಕ್ಕೆ ದಾಖಲೆ ಉಳಿಯುವುದಿಲ್ಲ. ಹಾಗಾಗಿ ಮೇಲ್ಮನವಿಯಲ್ಲಿ ಸೋತ ಪಕ್ಷದ ವಕೀಲರ ಕಣ್ಣು ಬೀಳುವುದು ಕಾನೂನು ಏನು ಹೇಳುತ್ತದೆಂದು ನ್ಯಾಯಾಧೀಶರು ಜ್ಯೂರಿಗೆ ಓದಿಹೇಳಿದ ಸೂಚನೆಗಳ ಮೇಲೆ.

ಆದ್ದರಿಂದ ಸೂಚನೆಗಳ ಕರಡನ್ನು ನಾನು ಸಾಕ್ಷಿಗಳ ಡಿಪೊಸಿಷನ್‌ಗೂ (ವಿಚಾರಣೆಗೆ ಮುನ್ನ ಪ್ರಮಾಣ ಮಾಡಿಸಿ ಪಡೆಯುವ ಹೇಳಿಕೆಗೂ) ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸುವ, 1964ರ ನಾಗರಿಕ ಹಕ್ಕುಗಳ ಕಾಯಿದೆಯ ಏಳನೆಯ ಅಧ್ಯಾಯದಡಿ, ದೂರು ಕೊಡದಿದ್ದರೆ ಕೆಲಸ ಹೋಗುತ್ತಿರಲಿಲ್ಲ ಎಂಬುದನ್ನು ನೌಕರರೇ ಸಾಬೀತುಪಡಿಸಬೇಕೆಂದು 2013ರ ನಾಸರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ನಿರ್ಣಯಿಸಿತು. ಹಣಕಾಸಿನ ಅಕ್ರಮದ ಬಗ್ಗೆ ದೂರು ಕೊಟ್ಟವರನ್ನು ರಕ್ಷಿಸುವ 2002ರ ಸಾರ್ಬೇನ್ಸ್–ಆಕ್ಸ್‌ಲಿ ಕಾಯಿದೆಯಡಿಯಾದರೆ ವಜಾಕ್ಕೆ ದೂರೂ ಒಂದು ಕಾರಣವಾಗಿದ್ದರೆ ಸಾಕು. ದೂರು ಇರದಿದ್ದರೂ ಇದೇ ಕ್ರಮ ಕೈಗೊಳ್ಳುತ್ತಿದ್ದೆವೆಂದು ಸ್ಪಷ್ಟವಾಗಿ, ಮನದಟ್ಟಾಗುವಂತೆ ತೋರಿಸುವ ಹೊಣೆ ಆಮೇಲೆ ಮಾಲೀಕರ ಮೇಲೆ ಬೀಳುತ್ತದೆ. ಒಂದೇ ದಾವೆಯಲ್ಲಿ ಎರಡೂ ಸೇರಿದಾಗ ಪ್ರತ್ಯೇಕ ಸೂಚನೆಯನ್ನೂ ತೀರ್ಪಿನ ನಮೂನೆಯಲ್ಲಿ ಪ್ರತ್ಯೇಕ ಪ್ರಶ್ನೆಯನ್ನೂ ಕೇಳುತ್ತೇನೆ. ಮೇಲ್ಮನವಿಯಲ್ಲಿ ಒಂದು ಬಿದ್ದರೂ ಇನ್ನೊಂದು ನಿಲ್ಲಬೇಕು.

ನಿಜವಾದ ಜಟಾಪಟಿ ನಡೆಯುವುದು ಜ್ಯೂರಿಯನ್ನು ಹೊರಗೆ ಕಳುಹಿಸಿ, ನ್ಯಾಯಾಧೀಶರು ಎರಡೂ ಕಡೆಯ ವಕೀಲರೊಂದಿಗೆ ಕರಡನ್ನು ಸಾಲುಸಾಲಾಗಿ ಓದುವಾಗ. ಒಂದು ವಿಚಾರಣೆಯಲ್ಲಿ "ದೂರು ಏಕೈಕ ಕಾರಣವಾಗಿರಬೇಕಿಲ್ಲ" ಎಂಬ ನನ್ನ ವಾಕ್ಯವನ್ನು ತೆಗೆಸಲು ಎದುರು ವಕೀಲರು ಪಟ್ಟುಹಿಡಿದರು. ಅದಿಲ್ಲದಿದ್ದರೆ ಘಟನೆಯೇ ನಡೆಯುತ್ತಿರಲಿಲ್ಲ ಎನ್ನುವಂತಹ ಕಾರಣಗಳು ಒಂದು ಘಟನೆಗೆ ಹಲವಿರಬಹುದೆಂದು ಸುಪ್ರೀಂ ಕೋರ್ಟಿನ 2020ರ ಬೋಸ್ಟಾಕ್ ತೀರ್ಪು ಹೇಳಿದ್ದನ್ನು ಓದಿ ತೋರಿಸಿದೆ, ವಾಕ್ಯ ಉಳಿಯಿತು. ಅದಿಲ್ಲದೆ ಹೋಗಿದ್ದರೆ, ಕಂಪನಿ ಕೊಟ್ಟ ಬೇರೆ ಯಾವುದೋ ನೆಪವನ್ನು ಅರ್ಧ ನಂಬಿದ ಜ್ಯೂರಿ ಸದಸ್ಯರು ನೌಕರರ ದಾವೆ ಬಿದ್ದಿತೆಂದೇ ತಿಳಿಯುತ್ತಿದ್ದರು. ವಾಕ್ಯ ಬಿಟ್ಟುಹೋದ ಸಂದರ್ಭಗಳಲ್ಲಿ ನಾನು ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮ 51ರಂತೆ, ಯಾವ ಮಾತಿಗೆ ಯಾವ ಆಧಾರದ ಮೇಲೆ ನನ್ನ ತಕರಾರು ಎಂಬುದನ್ನು ಕಲಾಪ ದಾಖಲಿಸುವ ಕೋರ್ಟ್ ರಿಪೋರ್ಟರ್ ಬರೆದುಕೊಳ್ಳುವಂತೆ ಹೇಳುತ್ತೇನೆ. ಚೇಂಬರಿನಲ್ಲಿ ಆಡಿದ ಮಾತು ದಾಖಲೆಗೆ ಬಾರದಿದ್ದರೆ ಅದನ್ನು ಮತ್ತೆ ತೆರೆದ ನ್ಯಾಯಾಲಯದಲ್ಲಿ ಹೇಳುತ್ತೇನೆ. ಇಲ್ಲವಾದರೆ ಮೇಲ್ಮನವಿಯಲ್ಲಿ ಎದ್ದುಕಾಣುವ ಗಂಭೀರ ದೋಷವೆಂದು ತೋರಿಸುವ ಇಕ್ಕಟ್ಟಿನ ದಾರಿಯಷ್ಟೇ ಉಳಿಯುತ್ತದೆ.

ನಮ್ಮ ಪಕ್ಷಕ್ಕೆ ಅತಿಯಾಗಿ ಅನುಕೂಲವಾದ ಸೂಚನೆಯೂ ಅಪಾಯವೇ. ಯುಬಿಎಸ್ ಬ್ಯಾಂಕಿನ ವಿರುದ್ಧ ಅದರ ಮಾಜಿ ನೌಕರ ಟ್ರೆವರ್ ಮರ್ರಿ ಸಾರ್ಬೇನ್ಸ್–ಆಕ್ಸ್‌ಲಿ ಕಾಯಿದೆಯಡಿ ಹೂಡಿದ ದಾವೆಯಲ್ಲಿ 2017ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪಿತ್ತಿತು. ಪ್ರತೀಕಾರದ ಉದ್ದೇಶ ಸಾಬೀತಾಗಬೇಕೆಂಬ ಸೂಚನೆ ಇರಲಿಲ್ಲವೆಂದು ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಅಂತಹ ಉದ್ದೇಶ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಸರ್ವಾನುಮತದಿಂದ ಹೇಳಿತು. ಅಷ್ಟಾದರೂ 2025ರ ಫೆಬ್ರವರಿಯಲ್ಲಿ ಅದೇ ಮೇಲ್ಮನವಿ ನ್ಯಾಯಾಲಯ 2–1ರಿಂದ ತೀರ್ಪನ್ನು ಮತ್ತೆ ಬದಿಗಿರಿಸಿತು: ದೂರು ವಜಾದ ನಿರ್ಧಾರದ ಮೇಲೆ "ಯಾವುದೇ ರೀತಿಯಲ್ಲಿ ಪ್ರಭಾವ ಬೀರುವಂಥದ್ದು" ಆಗಿದ್ದರೂ ಸಾಕು ಎಂಬಂತಿದ್ದ ಸೂಚನೆ, ಅದು ನಿಜವಾಗಿ ಕಾರಣವಾಗಿರಬೇಕೆಂಬ ಕಾನೂನನ್ನು ಸಡಿಲಿಸಿತೆಂದು ಅದರ ಅಭಿಪ್ರಾಯ. ಎಂಟನೆಯ ವರ್ಷಕ್ಕೆ ಕಾಲಿಟ್ಟಿದ್ದ ಗೆಲುವು ಹೀಗೆ ಕೈಜಾರಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದ್ದರಿಂದ ನಾನು ಕಾಯಿದೆಯ ಪದಗಳಿಗೇ ಅಂಟಿಕೊಳ್ಳುತ್ತೇನೆ. ನ್ಯಾಯಾಧೀಶರು ಅದಕ್ಕಿಂತ ಉದಾರವಾದ ವಾಕ್ಯ ಬರೆದರೂ ತಿದ್ದಲು ಕೋರುತ್ತೇನೆ.

ಆ ಪ್ರಕರಣದಲ್ಲಿ ಜ್ಯೂರಿ ಚರ್ಚೆಯ ನಡುವೆ ಇದೇ ಅಂಶದ ಬಗ್ಗೆ ಸ್ಪಷ್ಟೀಕರಣ ಕೇಳಿತ್ತು. ಅಂತಹ ಚೀಟಿ ಬಂದಾಗ ಅವಸರದಲ್ಲಿ ಬಾಯಿಮಾತಿನ ಉತ್ತರಕ್ಕೆ ನಾನು ಒಪ್ಪುವುದಿಲ್ಲ. ಉತ್ತರವೂ ಒಂದು ಸೂಚನೆಯೇ ಆದ್ದರಿಂದ, ಅದರ ಕರಡು ಲಿಖಿತವಾಗಿ ಎರಡೂ ಕಡೆಗೆ ಸಿಗಲಿ ಎಂದು ಕೋರಿ, ಅಗತ್ಯವಿದ್ದರೆ ತಕರಾರನ್ನು ಅಲ್ಲಿಯೂ ದಾಖಲಿಸುತ್ತೇನೆ.