ಕಥೆಯ ಮೂಲಭಾಷೆಗೆ ಸದ್ದು ಕೂಡಿಸುವುದು ಹೇಗೆ

ಫ್ಯಾಂಟಸಿ ಕಥೆಗೆ ಒಂದು ಪುರಾತನ ಭಾಷೆ ಬೇಕಾ? ಪದ ಹುಟ್ಟಿಸುವ ಮೊದಲು ಸದ್ದು ಆರಿಸಿ. ಹತ್ತು ಹನ್ನೆರಡು ವ್ಯಂಜನ, ಐದು ಸ್ವರ ಧಾರಾಳ ಸಾಕು. ಪದದ ಶುರುವಿಗೆ ಯಾವುದು ಬರಬಾರದು ಅಂತಲೂ ಈಗಲೇ ಬರೆದಿಡಿ. ಕನ್ನಡದಲ್ಲಿ ಳ ಬರಲ್ಲ ಅಲ್ವಾ, ಹಾಗೆ.

ಆಮೇಲೆ ಮರಿಭಾಷೆಗಳು, ಅಂದರೆ ಆ ಮೂಲಭಾಷೆಯಿಂದ ಹುಟ್ಟುವ ಭಾಷೆಗಳು. ಇದಕ್ಕೆ ಕೊಡಗಿನಲ್ಲಿ ಕಿವಿ ತೆರೆದಿಟ್ಟರೆ ಸಾಕು: ಕನ್ನಡದ ಹುತ್ತರಿ (ಸುಗ್ಗಿ ಹಬ್ಬ) ಕೊಡವರ ಭಾಷೆ ಕೊಡವ ತಕ್ಕ್‌ನಲ್ಲಿ ಪುತ್ತರಿ. ಹಳಗನ್ನಡದ ಪಾಲ್, ಪುಲಿ ಕೂಡ ಹೀಗೇ ಹಾಲು, ಹುಲಿ ಆದವು. ಶುರುವಿನ ಪ ಹ ಆಗುವ ಒಂದೇ ನಿಯಮ, ಸಾಲು ಸಾಲು ಪದಗಳು. ನೀವೂ ಪದ ಪದಕ್ಕೆ ಮನಸ್ಸಿಗೆ ಬಂದಂತೆ ತಿದ್ದಬೇಡಿ, ನಿಯಮ ಮಾಡಿ ಎಲ್ಲಕ್ಕೂ ಹಾಕಿ.

ನಿಯಮಗಳ ಸರದಿಯಲ್ಲೇ ಮಜಾ ಇರುವುದು. ಮೂಲಪದ 'ಪೊತಕ' ಅಂದುಕೊಳ್ಳಿ. ಸ್ವರಗಳ ನಡುವಿನ ತ, ಕ ಮೊದಲು ದ, ಗ ಆಗಿ, ಆಮೇಲೆ ಕೊನೆಯ ಸ್ವರ ಬಿದ್ದರೆ 'ಪೊದಗ್'. ಸ್ವರ ಮೊದಲೇ ಬಿದ್ದರೆ ಕಕಾರ ಬಚಾವ್, 'ಪೊದಕ್' ಸಿಗುತ್ತದೆ. ಅವೇ ಎರಡು ನಿಯಮ, ಆದರೆ ಬೆಟ್ಟದವರಿಗೂ ಬಯಲಿನವರಿಗೂ ಬೇರೆ ಬೇರೆ ಮಾತು!

ಹೊಳೆ, ಬೆಟ್ಟದ ಹೆಸರುಗಳಲ್ಲಿ ಮಾತ್ರ ಹಳೆಯ ಸದ್ದು ಅಲ್ಲಲ್ಲಿ ಉಳಿಸಿ. ಸುಮ್ನೆ ಗಾಂಭೀರ್ಯಕ್ಕೆ ಅಂತ ಒತ್ತಕ್ಷರ ಜಾಸ್ತಿ ತುರುಕಬೇಡಿ, ಓದುವವರ ನಾಲಿಗೆ ತೊಡರುತ್ತದೆ.